ಹೊಸ ಮರಿಯ ಸೀನು, ಹಳೇ ಬೆಕ್ಕಿನ ಗುಟ್ಟು

ಮನೆಗೆ ತಂದ ಬೆಕ್ಕಿನ ಮರಿ ಮೊದಲ ದಿನವೇ ಸೀನುವುದು ಕಡಿಮೆ. ಬಂದ ದಿನ ಸೋಫಾದ ಕೆಳಗೆ ಸೇರಿಕೊಂಡಿರುತ್ತದೆ. ಮಾರನೆಯ ದಿನ ಧೈರ್ಯ ಮಾಡಿ ಹೊರಗೆ ಬಂದು ಮಕ್ಕಳ ಮಡಿಲಲ್ಲಿ ಗುರುಗುಟ್ಟುತ್ತದೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಏರುತ್ತದೆ. ಮನೆಮಂದಿಯೆಲ್ಲ ಹೆಸರು ಹುಡುಕುವ ಸಡಗರದಲ್ಲಿರುವಾಗ, ನಾಲ್ಕನೆಯ ದಿನವೋ ಐದನೆಯ ದಿನವೋ, ಒಂದು ಸಣ್ಣ ಸೀನು. ಮಾರನೆಯ ದಿನಕ್ಕೆ ಎಣಿಸಲಾರದಷ್ಟು ಸೀನು. ಅದರ ಮಾರನೆಯ ಬೆಳಗ್ಗೆ ಒಂದು ಕಣ್ಣು ಗೀಜು ಕಟ್ಟಿ ಮುಚ್ಚಿಕೊಂಡಿರುತ್ತದೆ. ಆಗ ಮನೆಯಲ್ಲಿ ವಿಚಾರಣೆ ಶುರು. ಫ್ಯಾನ್ ಅಷ್ಟು ಜೋರಾಗಿ ಹಾಕಿದ್ದು ಯಾರು? ಫ್ರಿಜ್ಜಿನ ಹಾಲು ಕೊಟ್ಟಿದ್ದು ಯಾರು? ಮರಿ ಗಲೀಜಾಗಿದೆ ಅಂತ ಸ್ನಾನ ಮಾಡಿಸಿದ್ದು ಯಾರು? ಅಮಾವಾಸ್ಯೆ ಕಳೆದ ಮೇಲೆ ತನ್ನಿ ಅಂತ ಅಜ್ಜಿ ಮೊದಲೇ ಹೇಳಿದ್ದರು ಎನ್ನುವುದೂ ಆಗಲೇ ನೆನಪಾಗುತ್ತದೆ.

ಫ್ಯಾನು, ಹಾಲು, ಅಮಾವಾಸ್ಯೆ ಮೂರೂ ಈ ಸೀನಿನ ಮಟ್ಟಿಗೆ ನಿರಪರಾಧಿಗಳು. ಸ್ನಾನವನ್ನು ಮಾತ್ರ ಪೂರ್ತಿ ಬಿಡುಗಡೆ ಮಾಡುವಂತಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಕ್ಕಿನ ನೆಗಡಿ ಅಂಟುರೋಗ. ಅದರ ಹಿಂದೆ ಬಹುಪಾಲು ಎರಡು ವೈರಾಣುಗಳಿರುತ್ತವೆ. ಒಂದು ಬೆಕ್ಕಿನ ಹರ್ಪಿಸ್, ಇನ್ನೊಂದು ಬೆಕ್ಕಿನ ಕ್ಯಾಲಿಸಿ. ಕ್ಯಾಲಿಸಿಯನ್ನು ಮೊದಲು ಬೇರ್ಪಡಿಸಿದ್ದು ನ್ಯೂಜಿಲೆಂಡಿನಲ್ಲಿ, 1957ರಲ್ಲಿ. ಅದರ ಮರುವರ್ಷ ಅಮೆರಿಕದಲ್ಲಿ ಕ್ರಾಂಡೆಲ್ ಮತ್ತು ಮಾರರ್ ಎಂಬ ವಿಜ್ಞಾನಿಗಳು ನೆಗಡಿಯಾದ ಬೆಕ್ಕಿನ ಮರಿಗಳಿಂದ ಹರ್ಪಿಸ್ ವೈರಾಣುವನ್ನು ಬೇರ್ಪಡಿಸಿದರು. ಇವೆರಡರ ಜೊತೆಗೆ ಕ್ಲಮೈಡಿಯಾ, ಮೈಕೋಪ್ಲಾಸ್ಮಾ, ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾಗಳೂ ಒಮ್ಮೊಮ್ಮೆ ಒಂಟಿಯಾಗಿ, ಹೆಚ್ಚು ಸಲ ವೈರಾಣುವಿನ ಬೆನ್ನ ಹಿಂದೆ ಬಂದು ಸೇರಿಕೊಳ್ಳುತ್ತವೆ. ಬೋರ್ಡೆಟೆಲ್ಲಾ ನಾಯಿಗಳಿಗೆ ಕೆಮ್ಮು ತರುವ ಜೀವಿಯೂ ಹೌದು. ಮನೆಯಲ್ಲಿ ಕೆಮ್ಮುವ ನಾಯಿ ಇದ್ದರೆ ಬೆಕ್ಕಿಗೂ ದಾಟಬಹುದು.

ಹರ್ಪಿಸ್ ಮೈ ಹೊಕ್ಕ ಎರಡರಿಂದ ಆರು ದಿನದೊಳಗೆ ಲಕ್ಷಣ ಕಾಣಿಸುತ್ತದೆ. ಕ್ಯಾಲಿಸಿಗೆ ಎರಡು ದಿನದಿಂದ ಎರಡು ವಾರದವರೆಗೂ ಹಿಡಿಯಬಹುದು. ಅಂದರೆ ನಾಲ್ಕನೆಯ ದಿನ ಸೀನಿದ ಮರಿ ವೈರಾಣುವನ್ನು ಹಳೆಯ ಜಾಗದಿಂದಲೇ ಹೊತ್ತು ತಂದಿರಬಹುದು, ನಿಮ್ಮ ಮನೆಗೆ ಬಂದ ಮೇಲೆ ಅಂಟಿಸಿಕೊಂಡಿರಲೂಬಹುದು. ಮೊದಲನೆಯದನ್ನು ಎಲ್ಲರೂ ಒಪ್ಪುತ್ತಾರೆ. ಬೀದಿಯ ಮರಿ, ಕಾರಿನ ಬಾನೆಟ್ಟಿನೊಳಗಿಂದ ತೆಗೆದ ಮರಿ, ಪಂಜರದ ಮೇಲೆ ಪಂಜರ ಪೇರಿಸಿಟ್ಟ ಅಂಗಡಿಯಿಂದ ತಂದ ಪರ್ಷಿಯನ್ ಮರಿ, ಇವುಗಳಿಗೆ ರೋಗ ಇತ್ತು ಅಂದರೆ ಯಾರಿಗೂ ಆಶ್ಚರ್ಯವಿಲ್ಲ. ಎರಡನೆಯ ಮಾತು ಹೇಳಿದರೆ ಮಾತ್ರ ಮನೆಯವರ ಮುಖ ಗಂಟಾಗುತ್ತದೆ. ನಮ್ಮ ಬೀದಿಯ ಹುಡುಗನೊಬ್ಬ ನನ್ನನ್ನು ಕೇಳಿದ್ದೂ ಅದನ್ನೇ: "ಅಂಕಲ್, ನಮ್ಮ ಬೆಕ್ಕು ಐದು ವರ್ಷದಿಂದ ಮೂರನೇ ಮಹಡಿಯಿಂದ ಕೆಳಗೇ ಇಳಿದಿಲ್ಲ. ಅದಕ್ಕೆಲ್ಲಿಂದ ಬರ್ಬೇಕು ವೈರಸ್ಸು?"

ಬರಬೇಕಾಗಿಲ್ಲ, ಒಳಗೇ ಇರುತ್ತದೆ. ನಮಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ಹೋದ ಮೇಲೆ ಅದರ ವೈರಾಣು ನರಗಳಲ್ಲಿ ಅಡಗಿ ಕೂತು, ಮೈಯ ಕಸುವು ಇಳಿದಾಗ ಸರ್ಪಸುತ್ತಾಗಿ ಏಳುವುದಿಲ್ಲವೇ? ಅದೂ ಹರ್ಪಿಸ್ ಕುಟುಂಬದ್ದೇ. ಬೆಕ್ಕಿನ ಹರ್ಪಿಸ್ ಕೂಡ ಅದೇ ಜಾತಿಯ ಬುದ್ಧಿಯದು. ಮರಿಯಾಗಿದ್ದಾಗ ಒಮ್ಮೆ ನೆಗಡಿಯಾಗಿ ವಾಸಿಯಾದ ಬೆಕ್ಕಿನ ಮುಖದ ನರಗಂಟಿನಲ್ಲಿ ಅದು ಜೀವಮಾನವಿಡೀ ನಿದ್ದೆ ಮಾಡುತ್ತಿರುತ್ತದೆ. ಬೆಕ್ಕು ದುಂಡಗೆ, ಗುಂಡಗೆ, ಆರೋಗ್ಯವಾಗಿಯೇ ಇರುತ್ತದೆ. ಅದಕ್ಕೆ ದಿಗಿಲೋ ಆಯಾಸವೋ ಆದಾಗ ವೈರಾಣು ಎದ್ದು ಮೂಗು, ಕಣ್ಣು, ಬಾಯಿಯ ದ್ರವದಲ್ಲಿ ಹೊರಬರುತ್ತದೆ. ಕೆಲವು ಬೆಕ್ಕುಗಳು ಆಗ ಸ್ವಲ್ಪ ಸೀನುತ್ತವೆ. ಹಲವು ಬೆಕ್ಕುಗಳಿಗೆ ಅದೂ ಇಲ್ಲ.

ಬ್ರಿಟನ್ನಿನ ರೋಸಲಿಂಡ್ ಗ್ಯಾಸ್ಕೆಲ್ ಮತ್ತು ಪೋವಿ ಎಂಬ ಪಶುವೈದ್ಯ ಸಂಶೋಧಕರು 1977ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ವಾಸಿಯಾದ ಬೆಕ್ಕುಗಳಿಗೆ ಸ್ಟೆರಾಯ್ಡ್ ಕೊಟ್ಟಾಗ ವೈರಾಣು ಮತ್ತೆ ಹೊರಬಿತ್ತು, ಮರಿ ಹಾಕಿ ಹಾಲೂಡಿಸುವಾಗ ಹೊರಬಿತ್ತು, ಸುಮ್ಮನೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಿದಾಗಲೂ ಕೆಲವು ಬೆಕ್ಕುಗಳಲ್ಲಿ ಹೊರಬಿತ್ತು. ಈ ಮೂರನೆಯದನ್ನು ನಾವು ಗಮನಿಸಬೇಕು. ಮನೆ ಬದಲಾಯಿಸುವುದೇ ಬೆಕ್ಕಿಗೆ ರೋಗ ಎಬ್ಬಿಸುವಷ್ಟು ದೊಡ್ಡ ಸಂಗತಿ. ಪ್ರಯಾಣ, ಹೊಸ ವಾಸನೆ, ಹೊಸ ಗದ್ದಲ, ಅದರ ಮೇಲೆ ಬಂದ ದಿನವೇ ಬಕೆಟ್ ನೀರಿನ ಸ್ನಾನ. ಸ್ನಾನಕ್ಕೆ ನಾನು ಕ್ಷಮಾದಾನ ಕೊಡದಿರುವುದು ಇದಕ್ಕೇ. ನೀರಿನ ತಣ್ಣಗಿನಿಂದ ನೆಗಡಿ ಬರುವುದಿಲ್ಲ, ದಿಗಿಲಿನಿಂದ ಒಳಗಿದ್ದ ನೆಗಡಿ ಏಳುತ್ತದೆ.

ದಿಗಿಲು ಮರಿಗೆ ಮಾತ್ರ ಅಂದುಕೊಳ್ಳಬೇಡಿ. ಐದು ವರ್ಷ ಮನೆಗೆ ಒಡೆಯನಂತೆ ಇದ್ದ ಬೆಕ್ಕಿನ ಮುಂದೆ ಇದ್ದಕ್ಕಿದ್ದಂತೆ ಒಂದು ಅಪರಿಚಿತ ಮರಿಯನ್ನು ತಂದು ಬಿಟ್ಟರೆ ಅದರ ನಿದ್ದೆಯೂ ಕೆಡುತ್ತದೆ. ದಿಗಿಲಾದ ಕೂಡಲೇ ವೈರಾಣು ಹೊರಬರುವುದಿಲ್ಲ, ಅದಕ್ಕೆ ಸುಮಾರು ಒಂದು ವಾರ ಬೇಕು. ಆಮೇಲೆ ಒಂದೆರಡು ವಾರ ಹೊರಬೀಳುತ್ತಲೇ ಇರುತ್ತದೆ. ಲೆಕ್ಕ ಹಾಕಿ ನೋಡಿ: ಮರಿ ಬಂದ ದಿನ ಹಳೇ ಬೆಕ್ಕು ಹೆದರಿತು, ವಾರ ಕಳೆಯುವಷ್ಟರಲ್ಲಿ ಇಬ್ಬರೂ ಹೊಂದಿಕೊಂಡು ಒಂದೇ ತಟ್ಟೆಗೆ ಬಾಯಿ ಹಾಕತೊಡಗಿದರು, ಸರಿಯಾಗಿ ಆ ಹೊತ್ತಿಗೆ ಹಳೇ ಬೆಕ್ಕಿನ ಜೊಲ್ಲಿನಲ್ಲಿ ವೈರಾಣು ಇಳಿಯತೊಡಗಿತು. ಹತ್ತನೆಯ ದಿನಕ್ಕೋ ಹನ್ನೆರಡನೆಯ ದಿನಕ್ಕೋ ಮರಿ ಮಲಗಿತು. ದೂರು ಮಾತ್ರ "ಬೀದಿಯಿಂದ ತಂದ ಮರಿ, ಇನ್ನೇನಾಗುತ್ತೆ" ಅಂತ ಮರಿಯ ಮೇಲೇ.

ಮರಿಗಳ ದೇಹಸ್ಥಿತಿಯೂ ಆ ವಯಸ್ಸಿನಲ್ಲಿ ಕೈಕೊಡುತ್ತದೆ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ವಾರ ಮರಿಯನ್ನು ಕಾಯುತ್ತವೆ. ಆರೇಳು ವಾರದ ಹೊತ್ತಿಗೆ, ಹರ್ಪಿಸ್ ವಿಷಯದಲ್ಲಂತೂ ಅದಕ್ಕೂ ಮೊದಲೇ, ಅವು ಕರಗತೊಡಗುತ್ತವೆ. ನಾವು ಮರಿಯನ್ನು ತಾಯಿಯಿಂದ ಬಿಡಿಸಿ ತರುವುದು ಕೂಡ ಸರಿಯಾಗಿ ಆ ವಯಸ್ಸಿನಲ್ಲೇ. ತಾಯಿಯ ರಕ್ಷೆ ಮುಗಿದಿರುತ್ತದೆ, ಲಸಿಕೆಯ ರಕ್ಷೆ ಇನ್ನೂ ಶುರುವಾಗಿರುವುದಿಲ್ಲ, ನಡುವಿನ ಆ ಬಯಲಿನಲ್ಲಿ ಮರಿ ಒಂಟಿ.

ಕ್ಯಾಲಿಸಿಯ ನಡತೆ ಬೇರೆ. ಅದು ನರದಲ್ಲಿ ಅಡಗಿ ಕೂರುವುದಿಲ್ಲ, ಗಂಟಲಿನಲ್ಲಿ ಉಳಿದುಕೊಂಡು ವಾಸಿಯಾದ ಮೇಲೂ ದಿನಾ ಹೊರಬೀಳುತ್ತದೆ. ಸೋಂಕು ತಗುಲಿದ ಬೆಕ್ಕುಗಳಲ್ಲಿ ಸುಮಾರು ಅರ್ಧದಷ್ಟು 75 ದಿನ ಕಳೆದರೂ ವೈರಾಣು ಚೆಲ್ಲುತ್ತಿರುತ್ತವೆ ಎನ್ನುವುದು ಪಶುವೈದ್ಯ ಪುಸ್ತಕಗಳ ಲೆಕ್ಕ. ಕೆಲವು ಬೆಕ್ಕುಗಳು ವರ್ಷಗಟ್ಟಲೆ. ಹರ್ಪಿಸ್ ಮೈಯಿಂದ ಹೊರಗೆ ಬಂದರೆ ಒಣಗಿದಲ್ಲಿ ಬೇಗ ಸಾಯುತ್ತದೆ, ತೇವದಲ್ಲಿ ಹೆಚ್ಚೆಂದರೆ 18 ಗಂಟೆ. ಕ್ಯಾಲಿಸಿ ಹಾಗಲ್ಲ, ಒಣ ನೆಲದ ಮೇಲೂ ವಾರಗಟ್ಟಲೆ ಬದುಕುತ್ತದೆ. ಲಕ್ಷಣಗಳಲ್ಲೂ ಒಂದಿಷ್ಟು ವ್ಯತ್ಯಾಸ ಕಾಣಬಹುದು. ಕಣ್ಣು ಕೆಂಪಗಾಗಿ ಊದಿ, ಸೀನು ಜೋರಾಗಿದ್ದರೆ ಹರ್ಪಿಸ್‌ನ ಕಡೆ ಅನುಮಾನ. ನಾಲಿಗೆಯ ಮೇಲೆ ಹುಣ್ಣಾಗಿ ಜೊಲ್ಲು ಸುರಿಸುತ್ತಿದ್ದರೆ, ಮರಿ ಇದ್ದಕ್ಕಿದ್ದಂತೆ ಕುಂಟುತ್ತಿದ್ದರೆ ಕ್ಯಾಲಿಸಿಯ ಕಡೆ. ಹೌದು, ನೆಗಡಿಯ ವೈರಾಣುವಿಗೆ ಕಾಲು ಕುಂಟುವುದೂ ಉಂಟು, ಕೀಲುಗಳಿಗೆ ಉರಿಯೂತ ಬಂದು ಎರಡು ಮೂರು ದಿನದಲ್ಲಿ ಹೋಗುತ್ತದೆ. ಯಾರೋ ತುಳಿದಿರಬೇಕು ಅಂತ ಮನೆಯಲ್ಲಿ ಎರಡನೆಯ ವಿಚಾರಣೆ ನಡೆಸಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ್ದು ಒಂದು ಬಾಗಿಲಿನ ಸಲುವಾಗಿ. ಹೊಸ ಮರಿ ಬಂದರೆ ಎರಡು ವಾರ ಅದು ಒಂದು ಕೋಣೆಯಲ್ಲಿರಬೇಕು, ಆ ಕೋಣೆಯ ಬಾಗಿಲು ಮುಚ್ಚಿರಬೇಕು. ಈ ಮಧ್ಯೆ ಯಾರಾದರೂ ಸೀನತೊಡಗಿದರೆ ಮೂರು ವಾರ, ಅಥವಾ ಸೀನು ನಿಂತು ಒಂದು ವಾರ ಕಳೆಯುವವರೆಗೆ. ಮರಿಯಿಂದ ಹಳೇ ಬೆಕ್ಕನ್ನು ಕಾಪಾಡುವುದಕ್ಕೆ ಎಷ್ಟೋ, ಹಳೇ ಬೆಕ್ಕಿನಿಂದ ಮರಿಯನ್ನು ಕಾಪಾಡುವುದಕ್ಕೂ ಅಷ್ಟೇ. 2020ರಲ್ಲಿ ಕ್ವಾರಂಟೈನ್ ಅಂದರೇನು ಅಂತ ದೇಶಕ್ಕೆ ದೇಶವೇ ಕಲಿತಿತ್ತು. ಬೆಕ್ಕಿನ ವಿಷಯದಲ್ಲಿ ಮಾತ್ರ "ಪಾಪ, ಒಂಟಿಯಾಗಿ ಅಳುತ್ತೆ" ಎನ್ನುವ ಒಂದೇ ಮಾತಿಗೆ ಆ ಕಲಿಕೆಯೆಲ್ಲ ಕರಗಿಹೋಗುತ್ತದೆ. ಮರಿ ಅಳುವುದು ನಿಜ. ಒಳಗೆ ಹೋಗಿ ಅದರ ಜೊತೆ ಕೂತುಕೊಳ್ಳಿ, ನಿಮಗೆ ಈ ವೈರಾಣು ಬರುವುದಿಲ್ಲ. ಅದನ್ನು ಹೊರಗೆ ಎತ್ತಿಕೊಂಡು ಬರಬೇಡಿ, ಅಷ್ಟೇ.

ನಮ್ಮ ಮನೆಗಳಲ್ಲಿ ಅಷ್ಟು ಕೋಣೆ ಎಲ್ಲಿದೆ ಎನ್ನುವುದು ನ್ಯಾಯವಾದ ಪ್ರಶ್ನೆ. ಎರಡು ಬೆಡ್‌ರೂಮಿದ್ದರೆ ಒಂದು. ಒಂದೇ ಇದ್ದರೆ, ಎರಡು ಬಚ್ಚಲಿದ್ದ ಪಕ್ಷದಲ್ಲಿ ಬಳಸದ ಬಚ್ಚಲನ್ನು ಒಣಗಿಸಿ ಕೊಡಬಹುದು. ಕಮೋಡಿನ ಮುಚ್ಚಳ ಹಾಕಿ, ಬಕೆಟ್ ಖಾಲಿ ಮಾಡಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಹತ್ತಿಸೀರೆ ಹಾಸಿದರೆ ಮರಿಗೆ ಅದೇ ಅರಮನೆ. ಬಲೆ ಹಾಕದ ಬಾಲ್ಕನಿ ಬೇಡವೇ ಬೇಡ. ಯಾವ ಕೋಣೆಯೂ ಇಲ್ಲವೆಂದರೆ ದೊಡ್ಡ ಪಂಜರ ತಂದು ಹಳೇ ಬೆಕ್ಕು ಸುಳಿಯದ ಮೂಲೆಯಲ್ಲಿಡಿ. ಬೆಕ್ಕಿನ ಸೀನಿನ ಹನಿ ಒಂದೆರಡು ಮೀಟರಿಗಿಂತ ದೂರ ಹಾರುವುದಿಲ್ಲ. ಮನುಷ್ಯರ ಫ್ಲೂ ಹಾಗೆ ಇದು ಗಾಳಿಯಲ್ಲಿ ತೇಲಿಕೊಂಡು ಮನೆಯೆಲ್ಲ ತಿರುಗುವ ರೋಗವಲ್ಲ. ಇದು ತಿರುಗುವುದು ನಮ್ಮ ಕೈ, ಅಂಗಿ, ತಟ್ಟೆಗಳ ಮೇಲೆ.

ಹಾಗಾಗಿ ತಟ್ಟೆ, ನೀರಿನ ಬಟ್ಟಲು, ಮಣ್ಣಿನ ಟ್ರೇ, ಎಲ್ಲವೂ ಮರಿಗೆ ಬೇರೆ. ಕೆಲಸದ ಕ್ರಮವೂ ಮುಖ್ಯ: ಬೆಳಗ್ಗೆ ಮೊದಲು ಹಳೇ ಬೆಕ್ಕಿನ ಊಟ, ಸ್ವಚ್ಛತೆ, ಮುದ್ದು ಎಲ್ಲ ಮುಗಿಸಿ, ಕೊನೆಯಲ್ಲಿ ಮರಿಯ ಕೋಣೆಗೆ ಹೋಗಬೇಕು. ಬಾಗಿಲ ಹಿಂದಿನ ಮೊಳೆಗೆ ಒಂದು ಹಳೇ ಅಂಗಿ ನೇತು ಹಾಕಿಡಿ. ಒಳಗೆ ಹೋದಾಗ ಅದನ್ನು ತೊಟ್ಟು, ಬರುವಾಗ ಅಲ್ಲೇ ಬಿಚ್ಚಿಟ್ಟು, ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆಯಿರಿ. ಕೋವಿಡ್ ಕಾಲದ ಸ್ಯಾನಿಟೈಸರ್ ಬಾಟಲಿ ಉಳಿದಿದ್ದರೆ ಅದನ್ನು ನಂಬಬೇಡಿ, ಕ್ಯಾಲಿಸಿಯ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೇ. ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡುವುದು ಕಷ್ಟ ಅನ್ನುತ್ತಾರೆ. ನಾನು ಕಂಡಂತೆ ಮಕ್ಕಳು ಕೇಳುತ್ತಾರೆ, ಮನೆಗೆ ಬಂದ ನೆಂಟರೇ ಕೇಳುವುದಿಲ್ಲ.

ನೆಲ ಒರೆಸುವ ವಿಷಯದಲ್ಲಿ ಒಂದು ಎಚ್ಚರಿಕೆ. ರೋಗ ಅಂದ ಕೂಡಲೇ ನಮ್ಮವರು ಫಿನಾಯಿಲ್ ಬಾಟಲಿ ಹುಡುಕುತ್ತಾರೆ, ಇಲ್ಲವೇ ಡೆಟಾಲ್. ಬೆಕ್ಕಿರುವ ಮನೆಯಲ್ಲಿ ಇವೆರಡೂ ಸಲ್ಲದು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಪಿತ್ತಜನಕಾಂಗದಲ್ಲಿ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ಅದು ಹೊಟ್ಟೆಗೇ ಹೋಯಿತು. ಬಟ್ಟೆಗೆ ಹಾಕುವ, ವಾಸನೆ ಬೆರೆಸದ ಬ್ಲೀಚ್ ದ್ರಾವಣ ಒಂದು ಪಾಲಿಗೆ ನೀರು 32 ಪಾಲು, ಅಂದರೆ ಲೀಟರಿಗೆ ಸುಮಾರು 30 ಮಿಲಿ. ಮೊದಲು ಸೋಪಿನ ನೀರಿನಿಂದ ಕೊಳೆ ತೆಗೆದು, ಆಮೇಲೆ ಇದನ್ನು ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಬೇಕು. ಕ್ಯಾಲಿಸಿ ಸಾಯುವುದು ಇದಕ್ಕೆ. ಇದನ್ನು ಮಾಡುವಾಗ ಮರಿ ಅಲ್ಲಿರಬಾರದು, ಆ ವಾಸನೆ ಮೂಗಿಗೆ ಒಳ್ಳೆಯದಲ್ಲ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿಯ ಹೊಗೆಯೂ ಹಾಗೆಯೇ.

ಅದೇ ಕಿಣ್ವದ ಕೊರತೆ ಇನ್ನೊಂದು ಕಡೆ ಪ್ರಾಣಕ್ಕೇ ಬರುತ್ತದೆ. ಮರಿಯ ಮೈ ಬಿಸಿಯಾಗಿದೆ, ಮಂಕಾಗಿದೆ, ರಾತ್ರಿ ಹನ್ನೊಂದು ಗಂಟೆ, ಡಾಕ್ಟರ್ ಸಿಗುವುದಿಲ್ಲ. ಮನೆಯಲ್ಲಿ ಡೋಲೋ ಇದೆ, ಕ್ರೋಸಿನ್ ಇದೆ. ಕಾಲು ಮಾತ್ರೆ ತಾನೇ, ಪುಡಿ ಮಾಡಿ ಹಾಲಿನಲ್ಲಿ ಹಾಕಿದರಾಯಿತು ಅಂತ ಯಾರಿಗಾದರೂ ತೋಚುತ್ತದೆ. ದಯವಿಟ್ಟು ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಕೆಜಿ ತೂಕಕ್ಕೆ ಬರೀ 10 ಮಿಲಿಗ್ರಾಮಿಗೇ ವಿಷದ ಲಕ್ಷಣ ಕಂಡ ಬೆಕ್ಕುಗಳಿವೆ. 800 ಗ್ರಾಂ ತೂಗುವ ಮರಿಗೆ 500ರ ಮಾತ್ರೆಯ ಕಾಲು ಭಾಗ ಹಾಕಿದರೆ ಕೆಜಿಗೆ 150 ಮಿಲಿಗ್ರಾಂ ದಾಟುತ್ತದೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ಒಸಡು ಕಂದು ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಮರಿ ಬಾಯಿ ತೆರೆದು ಉಸಿರಾಡತೊಡಗುತ್ತದೆ. ನೆಗಡಿಯಿಂದ ಉಳಿಯುತ್ತಿದ್ದ ಮರಿ ಔಷಧಿಯಿಂದ ಹೋಗುತ್ತದೆ. ಗೊತ್ತಿಲ್ಲದೆ ಕೊಟ್ಟುಬಿಟ್ಟಿದ್ದರೆ ಬೆಳಗಾಗುವುದನ್ನು ಕಾಯದೆ ಹೊರಡಿ, ಅದಕ್ಕೆ ಪ್ರತಿವಿಷವಿದೆ, ಆದರೆ ಗಂಟೆಗಳ ಲೆಕ್ಕದಲ್ಲಿ ಸಿಗಬೇಕು.

ಎದೆಗೆ ವಿಕ್ಸ್, ಮೂಗಿನ ಹತ್ತಿರ ಅಮೃತಾಂಜನ, ನೀಲಗಿರಿ ಎಣ್ಣೆಯ ಹಬೆ, ಇವೂ ನಮ್ಮ ಪ್ರೀತಿಯ ತಪ್ಪುಗಳೇ. ಕರ್ಪೂರ, ಮೆಂಥಾಲ್, ನೀಲಗಿರಿ ಬೆಕ್ಕಿಗೆ ಆಗಿಬರುವುದಿಲ್ಲ, ಹಚ್ಚಿದ್ದನ್ನೆಲ್ಲ ಅದು ನೆಕ್ಕಿಯೇ ನೆಕ್ಕುತ್ತದೆ. ಹಬೆ ಬೇಕಾದರೆ ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿ ಬಿಟ್ಟು, ಬಾಗಿಲು ಹಾಕಿ, ಮರಿಯನ್ನು ಮಡಿಲಲ್ಲಿಟ್ಟುಕೊಂಡು ಹತ್ತು ನಿಮಿಷ ಕೂತರೆ ಸಾಕು, ನೀರಿಗೆ ಏನನ್ನೂ ಹಾಕಬಾರದು. ಕಣ್ಣಿನ ವಿಷಯದಲ್ಲೂ ಅಷ್ಟೇ. ಅಪ್ಪನ ಪೊರೆ ಆಪರೇಷನ್ ಆದಾಗ ಉಳಿದ ಡ್ರಾಪ್ಸ್ ಫ್ರಿಜ್ಜಿನ ಬಾಗಿಲಲ್ಲಿ ಇದ್ದೇ ಇರುತ್ತದೆ. ಅಂಥ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟೆರಾಯ್ಡ್ ಇರುತ್ತದೆ. ಹರ್ಪಿಸ್ ಇರುವ ಕಣ್ಣಿಗೆ ಅದು ಬಿದ್ದರೆ ಕಣ್ಣಿನ ಮೇಲಿನ ಹುಣ್ಣು ಆಳಕ್ಕಿಳಿದು ದೃಷ್ಟಿಯೇ ಹೋಗಬಹುದು.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಮಾಡಬೇಕಾದ್ದು ಬಹಳವಿದೆ, ಔಷಧಿಯ ಅಂಗಡಿಗೆ ಹೋಗುವ ಕೆಲಸವಲ್ಲ ಅಷ್ಟೇ. ಬೆಕ್ಕು ಊಟವನ್ನು ಗುರುತಿಸುವುದು ವಾಸನೆಯಿಂದ. ಮೂಗು ಕಟ್ಟಿದರೆ ಅದರ ಮಟ್ಟಿಗೆ ತಟ್ಟೆಯಲ್ಲಿ ಊಟವೇ ಇಲ್ಲ. ಹಾಗಾಗಿ ಮೊದಲು ಮೂಗು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಮೂಗಿನ ಮೇಲೆ ಒಂದು ನಿಮಿಷ ಹಾಗೇ ಹಿಡಿದರೆ ಒಣಗಿದ ಹಕ್ಕಳೆ ಮೆತ್ತಗಾಗುತ್ತದೆ, ಆಮೇಲೆ ಒರೆಸಿದರೆ ಚರ್ಮ ಕಿತ್ತುಬರುವುದಿಲ್ಲ. ಕಣ್ಣಿನ ಗೀಜಿಗೂ ಹೀಗೆಯೇ, ಮೂಗಿನ ಕಡೆಯ ಮೂಲೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಒಂದೊಂದು ಹತ್ತಿ. ಇಷ್ಟಾದ ಕೂಡಲೇ ಊಟ ಇಡಬೇಕು, ಮೂಗು ತೆರೆದಿರುವುದು ಸ್ವಲ್ಪ ಹೊತ್ತೇ. ಊಟ ಬೆಚ್ಚಗೆ, ಘಮಘಮ ಎನ್ನುವಂತಿರಬೇಕು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನಿಗೆ ಸೋಲದ ಬೆಕ್ಕು ಅಪರೂಪ. ಮೀನು ಒಲ್ಲದ ಮನೆಯಾದರೆ ಬೆಕ್ಕಿನ ಹಸಿ ಆಹಾರದ ಪೊಟ್ಟಣವನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ. ಹಸುವಿನ ಹಾಲು ಬೇಡ. ಭೇದಿ ಶುರುವಾದರೆ ಇರುವ ನೀರಿನಂಶವೂ ಹೋಗುತ್ತದೆ. ಬಾಯಿಗೆ ಬಲವಂತದಿಂದ ಸಿರಿಂಜ್ ತುರುಕಿದರೆ ಊಟ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ವೈದ್ಯರು ತೋರಿಸಿಕೊಟ್ಟ ಮೇಲೆ ಮಾತ್ರ ಅದಕ್ಕೆ ಕೈ ಹಾಕಿ.

ಅಡುಗೆಮನೆಯ ತೂಕದ ಯಂತ್ರ ಇದ್ದರೆ ಅದಕ್ಕಿಂತ ಒಳ್ಳೆಯ ರೋಗಪತ್ತೆ ಸಾಧನ ಮನೆಯಲ್ಲಿ ಇನ್ನೊಂದಿಲ್ಲ. ಬಟ್ಟಲೊಂದರಲ್ಲಿ ಮರಿಯನ್ನು ಕೂರಿಸಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಎರಡು ಮೂರು ತಿಂಗಳ ಆರೋಗ್ಯವಂತ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರುತ್ತದೆ. ಸೀನು ಶುರುವಾಗುವ ಮೊದಲೇ ತೂಕ ನಿಂತಿರುತ್ತದೆ, ಎಷ್ಟೋ ಸಲ ಕಣ್ಣಿಗೆ ಕಾಣದ್ದನ್ನು ಕಾಗದ ಹೇಳುತ್ತದೆ. ಮಲಗಿರುವಾಗ ಪಕ್ಕೆ ಏರಿಳಿಯುವುದನ್ನೂ ಎಣಿಸಿ. ನಿದ್ದೆಯಲ್ಲಿ ನಿಮಿಷಕ್ಕೆ 40 ದಾಟಿದರೆ ಸೋಂಕು ಎದೆಗೆ ಇಳಿದಿರಬಹುದು.

ಒಂದು ದಿನ ಪೂರ್ತಿ ಏನೂ ತಿನ್ನದ ದೊಡ್ಡ ಬೆಕ್ಕು, ಅರ್ಧ ದಿನ ತಿನ್ನದ ಮರಿ, ಬಾಯಿ ತೆರೆದು ಉಸಿರಾಡುವ ಯಾವುದೇ ಬೆಕ್ಕು, ತೆರೆಯಲಾರದ ಅಥವಾ ಹಾಲುಬಣ್ಣಕ್ಕೆ ತಿರುಗಿದ ಕಣ್ಣು, ಇವನ್ನು ನಾಳೆಗೆ ಮುಂದೂಡಬಾರದು. ದಪ್ಪ ಬೆಕ್ಕುಗಳು ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಹರಿದು ಅದೇ ಬೇರೊಂದು ಕಾಯಿಲೆಯಾಗುತ್ತದೆ. ಚಪ್ಪಟೆ ಮುಖದ ಪರ್ಷಿಯನ್ ಮರಿಗಳಿಗೆ ಮೂಗಿನ ಹೊಳ್ಳೆಯೇ ಕಿರಿದು, ಅವುಗಳ ವಿಷಯದಲ್ಲಿ ಇನ್ನೂ ಬೇಗ. ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ "ಸೀನುವ ಮರಿ ತರ್ತಾ ಇದ್ದೀವಿ" ಅಂತ ಹೇಳಿ, ಬುಟ್ಟಿಯನ್ನು ನೆಲದ ಮೇಲೆ ಇಡದೆ, ಬೇರೆ ಬೆಕ್ಕುಗಳಿಂದ ದೂರ ಕೂತುಕೊಳ್ಳಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, ಬೀದರ್, ಶಿವಮೊಗ್ಗ, ಹಾಸನಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ.

ವೈದ್ಯರ ಬಳಿ ಹೋದವರು ಇಂಜೆಕ್ಷನ್ ಇಲ್ಲದೆ ಬರಿಗೈಯಲ್ಲಿ ಬಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆ ಬೇಜಾರಿಗೆ ಅರ್ಥವಿಲ್ಲ. ವೈರಾಣುವಿನ ಮೇಲೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಸಾಕುಪ್ರಾಣಿಗಳ ಸೋಂಕು ರೋಗ ತಜ್ಞರ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜ್ವರವಿಲ್ಲದೆ ಊಟ ಮಾಡಿಕೊಂಡು ಚುರುಕಾಗಿರುವ ಬೆಕ್ಕಿನ ಹೊಸ ನೆಗಡಿಯನ್ನು ಹತ್ತು ದಿನದವರೆಗೆ ಆ್ಯಂಟಿಬಯಾಟಿಕ್ ಇಲ್ಲದೆ ಗಮನಿಸಬಹುದು. ಜ್ವರ ಬಂದು, ಊಟ ಬಿಟ್ಟು, ಹಸಿರು ಮಿಶ್ರಿತ ದಪ್ಪ ಸಿಂಬಳ ಸುರಿಯತೊಡಗಿದರೆ ಮಾತು ಬೇರೆ, ಆಗ ಮೊದಲ ಆಯ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್. ಆ ಮಾತ್ರೆ ನುಂಗಿಸಿದ ಮೇಲೆ ಒಂದೆರಡು ಚಮಚ ನೀರು ಕುಡಿಸಲೇಬೇಕು, ಇಲ್ಲವಾದರೆ ಅನ್ನನಾಳದಲ್ಲಿ ಕೂತು ಅಲ್ಲೇ ಸುಡುತ್ತದೆ. ಇನ್ನು ಲೈಸಿನ್. ಹರ್ಪಿಸ್ ಬೆಕ್ಕುಗಳಿಗೆ ರೋಗನಿರೋಧಕ ಅಂತ ಅದರ ಪೇಸ್ಟು, ಪುಡಿ ಇವತ್ತಿಗೂ ಮಾರಾಟವಾಗುತ್ತಿದೆ. ಅದರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟಿಗೆ ಇಟ್ಟು ಪರಿಶೀಲಿಸಿದ ಬೋಲ್ ಮತ್ತು ಬನಿಕ್ ಅದರಿಂದ ಉಪಯೋಗವಿಲ್ಲ, ನಿಲ್ಲಿಸಿಬಿಡಿ ಅಂತಲೇ ಬರೆದರು. ಆ ದುಡ್ಡಿಗೆ ಮೀನು ತನ್ನಿ.

ಮರಿ ಸೀನುವುದರ ಜೊತೆಗೆ ವಾಂತಿ, ಭೇದಿ ಮಾಡಿಕೊಂಡು ತಲೆ ಬಗ್ಗಿಸಿ ಕೂತಿದ್ದರೆ ಅದು ಬರೀ ನೆಗಡಿಯಲ್ಲ. ಪ್ಯಾನ್‌ಲ್ಯೂಕೋಪೀನಿಯಾ ಇರಬಹುದು, ಬಿಳಿ ರಕ್ತಕಣಗಳನ್ನು ಬರಿದು ಮಾಡುವ ಪಾರ್ವೋ ಜಾತಿಯ ವೈರಾಣು. ಲಸಿಕೆ ಇಲ್ಲದ ಮರಿಗಳಲ್ಲಿ ಉಳಿಯುವುದಕ್ಕಿಂತ ಹೋಗುವವೇ ಹೆಚ್ಚು. ಅದು ನೆಲದಲ್ಲಿ, ಹಾಸಿಗೆಯಲ್ಲಿ ವರ್ಷದವರೆಗೂ ಬದುಕಿರಬಲ್ಲದು. ಮನೆಯಲ್ಲಿ ಒಂದು ಮರಿ ಹೀಗೆ ಸತ್ತಿದ್ದರೆ ಅದೇ ಬುಟ್ಟಿಗೆ ಮುಂದಿನ ವಾರ ಇನ್ನೊಂದು ಮರಿ ತರುವುದು ಕ್ರೌರ್ಯ. ಮುಚ್ಚಿದ ಬಾಗಿಲಿನ ಎರಡು ವಾರ ಈ ರೋಗವನ್ನೂ ಬಯಲಿಗೆಳೆಯುತ್ತದೆ.

ಲಸಿಕೆಯ ಬಗ್ಗೆ ಜನರ ದೂರು ಒಂದೇ: "ಹಾಕಿಸಿದ್ವಿ, ಆದ್ರೂ ಬಂತಲ್ಲ ಸಾರ್." ಹರ್ಪಿಸ್, ಕ್ಯಾಲಿಸಿ, ಪ್ಯಾನ್‌ಲ್ಯೂಕೋಪೀನಿಯಾ ಮೂರಕ್ಕೂ ಸೇರಿಸಿ ಬರುವ ಚುಚ್ಚುಮದ್ದು ಮೂರನೆಯದನ್ನು ಗಟ್ಟಿಯಾಗಿ ತಡೆಯುತ್ತದೆ. ಮೊದಲೆರಡರ ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ರೋಗದ ಜೋರನ್ನು ಇಳಿಸುತ್ತದೆ. ನ್ಯುಮೋನಿಯಾಕ್ಕೆ ಹೋಗಬೇಕಾದ್ದು ನಾಲ್ಕು ದಿನದ ಸೀನಿಗೆ ಮುಗಿಯುತ್ತದೆ. ಕ್ಯಾಲಿಸಿಯಲ್ಲಂತೂ ಹತ್ತಾರು ತಳಿಗಳಿವೆ, ಎಲ್ಲಕ್ಕೂ ಒಂದೇ ಲಸಿಕೆ ಸರಿಸಮನಾಗಿ ಹೊಂದುವುದಿಲ್ಲ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ. ಒಂದಕ್ಕೇ ನಿಲ್ಲಿಸುವವರು ಬಹಳ. ತಾಯಿಯ ಪ್ರತಿಕಾಯ ಇನ್ನೂ ಉಳಿದಿದ್ದರೆ ಮೊದಲ ಚುಚ್ಚುಮದ್ದನ್ನು ಅದೇ ಅಳಿಸಿಹಾಕಿರುತ್ತದೆ, ಅದಕ್ಕೇ ಮತ್ತೆ ಮತ್ತೆ ಹಾಕುವುದು.

ಕೊನೆಗೆ ಉಳಿಯುವುದು ವಾಸಿಯಾದ ಮೇಲೂ ವೈರಾಣು ಹೊತ್ತು ತಿರುಗುವ ಬೆಕ್ಕು. "ಇದಕ್ಕೆ ಜೀವನಪೂರ್ತಿ ಹೋಗಲ್ವಂತೆ" ಎನ್ನುವ ಮಾತು ಕೇಳಿ ಮಾರ್ಕೆಟ್ಟಿನ ಬಳಿಯೋ ದೇವಸ್ಥಾನದ ಬಳಿಯೋ ಬಿಟ್ಟುಬಂದವರನ್ನು ನಾನು ಬಲ್ಲೆ. ಅವರ ಮನೆಗೆ ಆಮೇಲೆ ಬಂದ ಬೆಕ್ಕೂ ಬಹುಶಃ ಅದೇ ವೈರಾಣುವನ್ನು ಹೊತ್ತಿರುತ್ತದೆ, ಅಷ್ಟು ಸಾಮಾನ್ಯ ಇದು. ಹರ್ಪಿಸ್ ಇರುವ ಬೆಕ್ಕು ವರ್ಷಕ್ಕೊಮ್ಮೆ ಒಂದು ವಾರ ಸೀನಿಕೊಂಡು ಹದಿನೈದು ವರ್ಷ ಸುಖವಾಗಿ ಬಾಳಬಲ್ಲದು. ಮನೆಯ ಮಕ್ಕಳಿಗೆ, ಬಸುರಿಯರಿಗೆ ಇದು ಅಂಟುವುದಿಲ್ಲ. ಜೊತೆಗೆ ಬರುವ ಬ್ಯಾಕ್ಟೀರಿಯಾಗಳು ಮಾತ್ರ ತೀರಾ ಅಪರೂಪಕ್ಕೆ ಕಣ್ಣಿಗೋ, ರೋಗನಿರೋಧಕ ಶಕ್ತಿ ಕುಂದಿದವರ ಎದೆಗೋ ತೊಂದರೆ ಕೊಟ್ಟ ಉದಾಹರಣೆಗಳಿವೆ. ಕೀಮೋಥೆರಪಿಯಲ್ಲಿರುವವರು ಮನೆಯಲ್ಲಿದ್ದರೆ ಸೀನುವ ಮರಿಯ ಆರೈಕೆಯನ್ನು ಬೇರೆಯವರು ನೋಡಿಕೊಳ್ಳಲಿ.

ಮರಿ ತರುವ ಯೋಚನೆಯಲ್ಲಿದ್ದರೆ ಇವತ್ತೇ ಹಳೇ ಬೆಕ್ಕಿನ ಲಸಿಕೆಯ ಪುಸ್ತಕ ತೆಗೆದು ಕೊನೆಯ ತಾರೀಖು ನೋಡಿ. ಗಡುವು ದಾಟಿದ್ದರೆ, ಅಥವಾ ಅಂಥ ಪುಸ್ತಕವೇ ಮನೆಯಲ್ಲಿ ಇಲ್ಲದಿದ್ದರೆ, ಮೊದಲು ಅದಕ್ಕೆ ಚುಚ್ಚಿಸಿ, ಮರಿಯನ್ನು ಎರಡು ವಾರ ತಡವಾಗಿ ತನ್ನಿ.